ರಾಮಚಂದ್ರನ್ ಎಳೆದ ಗಡಿರೇಖೆ

ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು ಕೊಲಾಜನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗುವು ಬರುವುದು ಅದರಿಂದಲೇ. ಅದರ ಒಳರಚನೆ ಏನೆಂಬುದು 1950ರ ದಶಕದ ಆರಂಭದಲ್ಲಿ ದೊಡ್ಡ ದೊಡ್ಡ ಪ್ರಯೋಗಾಲಯಗಳಿಗೂ ಬಗೆಹರಿದಿರಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕಾಂಗರೂ ಬಾಲದ ಸ್ನಾಯುರಜ್ಜುವಿಗೆ ಎಕ್ಸ್‌ರೇ ಹಾಯಿಸಿ ನೋಡಿದರು. ಮೂರು ಸರಪಳಿಗಳು ಜಡೆಯ ಎಳೆಗಳಂತೆ ಕೂಡಿಕೊಂಡಿವೆ ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ತಕರಾರು ಬೇಗನೆ ಬಂತು. ತಕರಾರು ತೆಗೆದವರು ಸಾಮಾನ್ಯರಲ್ಲ, ಡಿಎನ್ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್. ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರಲು ಸಾಧ್ಯವಿಲ್ಲ ಎಂದರು.

ಹಾಗಾದರೆ ಎಷ್ಟು ಹತ್ತಿರ ಬರಬಹುದು? ರಾಮಚಂದ್ರನ್ ಈ ಪ್ರಶ್ನೆಯನ್ನೇ ಹಿಡಿದು ಕೂತರು. ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ, ಪರಮಾಣು ಪರಮಾಣುಗಳ ನಡುವೆ ಇರಲೇಬೇಕಾದ ಕನಿಷ್ಠ ಅಂತರವನ್ನು ಗೊತ್ತುಮಾಡಿಕೊಂಡರು. ಪ್ರೋಟೀನು ಸರಪಳಿಯ ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ತಿರುಗಬಲ್ಲವು ಎರಡೇ ಬಂಧಗಳು. ಆ ಎರಡು ಕೋನಗಳನ್ನು −180ರಿಂದ +180 ಡಿಗ್ರಿವರೆಗೆ ತಿರುಗಿಸುತ್ತ ಹೋದರೆ ಎಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಎಲ್ಲಿ ಇಲ್ಲ? ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಈ ಲೆಕ್ಕ ಮುಗಿಸಿ 1963ರಲ್ಲಿ ಪ್ರಕಟಿಸಿದ ನಕ್ಷೆಯ ಬಹುಪಾಲು ನಿಷಿದ್ಧ ಪ್ರದೇಶ. ಪ್ರೋಟೀನಿಗೆ ಉಳಿಯುವುದು ಕೆಲವೇ ತುಂಡು ಜಾಗ. ತಕರಾರೊಂದಕ್ಕೆ ವಿಜ್ಞಾನದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿರುವುದು ಅಪರೂಪ. ಇಂದಿಗೂ ಹೊಸ ಪ್ರೋಟೀನಿನ ರಚನೆ ಬಿಡಿಸಿದವರು ಅದು ಸರಿಯಿದೆಯೇ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದ ಹುಡುಗನನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡವರು ಸಿ.ವಿ. ರಾಮನ್. ಮದ್ರಾಸಿನ ವರ್ಷಗಳ ಬಳಿಕ ಅದೇ ಸಂಸ್ಥೆಗೆ ಮರಳಿ, 1971ರಲ್ಲಿ ಅಣು ಜೀವಭೌತಶಾಸ್ತ್ರ ಘಟಕ ಕಟ್ಟಿದರು. ಅಲ್ಲಿ ಎಂ. ವಿಜಯನ್ ಮತ್ತು ಸಂಗಡಿಗರು ನೆಲಗಡಲೆಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆ ಬಿಡಿಸಿದರು. ಅದೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್ ಮತ್ತು ಮದನ್ ರಾವ್ ಒಂದೊಂದು ಅಣುವಿನ ರಚನೆಯಿಂದ ಅಣುಗಳ ಗುಂಪಿನ ಕಡೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೀವಕೋಶದ ಹೊರಪೊರೆಯ ಅಣುಗಳು ತಾವಾಗಿಯೇ ಜೋಡಿಕೊಳ್ಳುತ್ತವೆಯೋ, ಶಕ್ತಿ ವ್ಯಯಿಸಿ ಕೋಶವೇ ಅವನ್ನು ಜೋಡಿಸುತ್ತದೆಯೋ ಎಂದು ಕೇಳಿದರು. ಪೊರೆಯ ಕೆಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಚಟುವಟಿಕೆ ಈ ಜೋಡಣೆಯನ್ನು ನಡೆಸುತ್ತದೆ ಎಂಬ ಅವರ ವಾದ 2012ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂತು.

ರಾಮಚಂದ್ರನ್ 2001ರಲ್ಲಿ ತೀರಿಕೊಂಡರು.

ಈ ಕಥೆ ಮಂಗಳೂರಿನ ತರಗತಿಗಳಲ್ಲೂ ಕೇಳಿಸಬೇಕು. ಇಲ್ಲಿ 1880ರಲ್ಲಿ ಕಾಲೇಜಾಗಿ ಶುರುವಾದ ಸಂತ ಅಲೋಶಿಯಸ್ ಇದೆ, ಪಕ್ಕದ ಕೊಣಾಜೆಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಈ ಊರಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ಅಧ್ಯಾಪಕರು ಆ ನಕ್ಷೆಯ ಜೊತೆಗೆ ಅದು ಹುಟ್ಟಿದ ಜಗಳವನ್ನೂ ಮಕ್ಕಳಿಗೆ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಆ ದಿನಕ್ಕೆ ರಾತ್ರಿ ಬಸ್ಸು ಹತ್ತಿಸಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ.