ಒಳಮನೆಯ ಹಾಡು, ಪಡಸಾಲೆಯ ಲೇಖನಿ

ಊರಿನ ಚರಿತ್ರೆಯನ್ನು ಬರೆಯಹೊರಟವನು ಮೊದಲು ಕೇಳುವುದು ಪಡಸಾಲೆಯಲ್ಲಿ ಕುಳಿತ ಗಂಡಸರ ಮಾತನ್ನು. ಒಳಮನೆಯ ಮಾತು ಅವನ ಕಿವಿಗೆ ಬೀಳುವುದು ಅಪರೂಪ. ಹೆಂಗಸರ ಬದುಕನ್ನು ಅರಿಯಹೊರಟ ಗಂಡಸಿಗೆ ಎದುರಾಗುವ ಈ ಹೊಸ್ತಿಲನ್ನು ಕುರಿತು ಎರಡು ನಿದರ್ಶನಗಳನ್ನು ವಾಚಕರ ಮುಂದಿಡಬಯಸುವೆವು.

ಮೊದಲನೆಯದು, ನಮ್ಮ ಸೊಲ್ಲಾಪುರ ಸೀಮೆಗೆ ನೆರೆಯದಾದ ವಿಜಯಪುರ ಜಿಲ್ಲೆಯ ಹಲಸಂಗಿಯದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹಾಡುಗಳನ್ನು ಕೂಡಿಹಾಕಿದರು. ‘ಗರತಿಯ ಹಾಡು’ ೧೯೩೧ರಲ್ಲಿ ಅಚ್ಚಾಯಿತು. ಬರೆದುಕೊಂಡವರು ಗಂಡಸರು, ಹಾಡು ಹೆಂಗಸರದು. ತವರಿನ ಹಂಬಲ, ಅತ್ತೆಮನೆಯ ಅಳಲು ಇವನ್ನು ಪರಪುರುಷನೊಡನೆ ಆಡಿಕೊಳ್ಳುವುದು ಆ ಕಾಲದ ನಡೆವಳಿಕೆಗೆ ಒಪ್ಪುತ್ತಿರಲಿಲ್ಲ. ಆದರೆ ಬೀಸುವ ಹೆಣ್ಣುಮಗಳು ತನ್ನ ದುಃಖವನ್ನು ಹೇಳಿಕೊಳ್ಳುವುದು ಕಲ್ಲಿಗೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಾತಿಗೆ ಮುಚ್ಚಿದ್ದ ಬಾಗಿಲು ಹಾಡಿಗೆ ತೆರೆದಿತ್ತು.

ಎರಡನೆಯದು, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರದು. ಅವರು ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಲ್ಲಿಯ ಬದುಕನ್ನು ಅಭ್ಯಸಿಸಿದರು. ೧೯೭೬ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ತಮಗೆ ಕಂಡದ್ದು ಬಹುಮಟ್ಟಿಗೆ ಮೇಲ್ಜಾತಿಯ ಗಂಡಸರ ಕಣ್ಣಿಗೆ ಕಂಡ ಹಳ್ಳಿಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಅಷ್ಟು ದೊಡ್ಡ ವಿದ್ವಾಂಸರೇ ತಮ್ಮ ನೋಟದ ಮೇರೆಯನ್ನು ಒಪ್ಪಿಕೊಂಡ ಮೇಲೆ, ನಾವು ನಮ್ಮ ಟಿಪ್ಪಣಿಯೇ ಪೂರ್ಣಸತ್ಯವೆಂದು ಬೀಗುವುದು ತರವಲ್ಲ.

ಇದು ನಮ್ಮ ಅನುಭವವೂ ಹೌದು. ಹಾಡು ಕೇಳಲೆಂದು ನಾವು ಒಂದು ಮನೆಗೆ ಹೋದಾಗ, ಅಜ್ಜಿಯನ್ನು ಕೇಳಿದ ಪ್ರಶ್ನೆಗೆಲ್ಲ ಮನೆಯ ಯಜಮಾನರೇ ಉತ್ತರವಿತ್ತರು. ಮರುದಿನ ನಮ್ಮ ತಂಗಿಯೊಬ್ಬಳು ಹೋಗಿ, ಅಜ್ಜಿಯೊಡನೆ ಶೇಂಗಾ ಸುಲಿಯುತ್ತ ಕುಳಿತಳು. ಅಂದು ಅಜ್ಜಿ ಸಂಜೆಯವರೆಗೆ ಹಾಡಿದಳು. ಆದರೆ ಹೊಲದ ಪಾಲು, ಪಂಚಾಯಿತಿಯ ತೀರ್ಪುಗಳನ್ನು ಕುರಿತು ಆ ತಂಗಿ ಕೇಳಿದಾಗ ಕಟ್ಟೆಯ ಹಿರಿಯರು ನಕ್ಕು ಮಾತು ಮರೆಸಿದರು. ಹೊಸ್ತಿಲು ಎರಡೂ ಕಡೆಗಿದೆ.

ಕಚೇರಿಯ ವ್ಯವಹಾರ ಮರಾಠಿಯಲ್ಲಿ ನಡೆಯುವ ಈ ಸೀಮೆಯಲ್ಲಿ, ಕನ್ನಡವನ್ನು ಕಾಪಾಡಿದವುಗಳಲ್ಲಿ ಶಾಲೆಯೊಡನೆ ಒಳಮನೆಯೂ ಒಂದು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು; ಪದ ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವರು. ಆದುದರಿಂದ ಪ್ರತಿ ಮನೆಯಲ್ಲಿಯೂ ಮಗನೂ ಮಗಳೂ ಕೂಡಿ ಈ ಕೆಲಸಕ್ಕೆ ತೊಡಗಲೆಂದು ಬೇಡುವೆವು. ಬರೆದುದನ್ನು ಹಾಡಿದವಳಿಗೇ ಓದಿ ಹೇಳಿರಿ, ಬೇಡವೆಂದುದನ್ನು ಬಿಟ್ಟುಬಿಡಿರಿ. ಅವಳ ನಂಬಿಕೆಯನ್ನು ಉಳಿಸಿಕೊಂಡ ಚರಿತ್ರೆಯೇ ನಮ್ಮ ಚರಿತ್ರೆ.