ನದಿಯ ನಳಿಕೆಯಿಂದ ವಿಮಾನದ ಕೆಂಪು ಗೆರೆಗೆ

ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನದಿ ನೇತ್ರಾವತಿಯನ್ನು ಸೇರುತ್ತದೆ. ಅಲ್ಲಿ ತೇಲಿ ಬರುವ ಎಲೆಯನ್ನು ಗಮನಿಸಿದರೆ ನೀರಿನ ಮೇಲ್ಮೈಯ ವೇಗ ತಿಳಿಯುತ್ತದೆ. ಆಳದಲ್ಲಿನ ವೇಗ ತಿಳಿಯುವುದು ಹೇಗೆ? 1732ರಲ್ಲಿ ಹೆನ್ರಿ ಪಿಟೋ ಪ್ಯಾರಿಸಿನ ಸೇನ್ ನದಿಯಲ್ಲಿ ಇದಕ್ಕೊಂದು ಉಪಾಯ ಮಾಡಿದ. ತುದಿ ಬಾಗಿಸಿದ ನಳಿಕೆಯ ಬಾಯನ್ನು ಹರಿವಿಗೆ ಎದುರಾಗಿ ಹಿಡಿದರೆ ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಮೇಲೇರುತ್ತದೆ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಏರಿಕೆ ಸುಮಾರು 5 ಸೆಂ.ಮೀ.; ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟು, 20 ಸೆಂ.ಮೀ. ಆಳವಿಲ್ಲದ ತೋಡಿನಲ್ಲಿ ನೀವೂ ಮಾಡಿ ನೋಡಬಹುದು. ಮಳೆಗಾಲದ ಸಂಗಮದಲ್ಲಿ ಬೇಡ.

ಇದೇ ನಳಿಕೆ ಇಂದು ವಿಮಾನಗಳ ಮೇಲೆ ಗಾಳಿಗೆ ಬಾಯೊಡ್ಡಿ ನಿಂತಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಎರಡು ಆಸನಗಳ 'ಹಂಸ' ವಿಮಾನದಲ್ಲೂ ವೇಗ ತಿಳಿಯುವುದು ಹೀಗೆಯೇ. ಇಂಥ ಅತಿ ಹಗುರ ವಿಮಾನ ಇಳಿಯುವಾಗ 45 ನಾಟ್, ಅಂದರೆ ಗಂಟೆಗೆ 83 ಕಿ.ಮೀ. ವೇಗದಲ್ಲಿದೆ ಎನ್ನೋಣ. ಆಗ ನಳಿಕೆಯಲ್ಲಿ ಉಂಟಾಗುವ ಹೆಚ್ಚುವರಿ ಒತ್ತಡ ಎಷ್ಟು ಗೊತ್ತೆ? ಕೇವಲ 3.3 ಸೆಂ.ಮೀ. ನೀರಿನ ಕಂಬದಷ್ಟು! ಚಾಲಕನ ಜೀವ ಈ ಮೂರು ಸೆಂಟಿಮೀಟರನ್ನು ನೆಚ್ಚಿಕೊಂಡಿರುತ್ತದೆ.

ವೇಗಸೂಚಕ ನಿಜವಾಗಿ ಅಳೆಯುವುದು ಒತ್ತಡವನ್ನು. ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗ, ಇವೆರಡರ ಗುಣಲಬ್ಧಕ್ಕೆ ಅದು ಅನುಪಾತದಲ್ಲಿರುತ್ತದೆ. ರೆಕ್ಕೆಯ ಎತ್ತುಬಲವೂ ಹಾಗೆಯೇ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಕರಾವಳಿಗಿಂತ ಶೇ. 8ರಷ್ಟು ತೆಳು. ಅಲ್ಲಿ ಸೂಚಕ 45 ತೋರಿಸಿದಾಗ ವಿಮಾನದ ನಿಜವೇಗ 47ರ ಆಸುಪಾಸು. ಆದರೆ ರೆಕ್ಕೆಗೆ ಬೇಕಾದದ್ದು ಸೂಚಕದ 45 ಮಾತ್ರ. ಆದ್ದರಿಂದಲೇ ಮಿತಿಗಳನ್ನು ಸೂಚಕದ ಮೇಲೆ ಬಣ್ಣದಲ್ಲಿ ಬರೆದುಬಿಡಬಹುದು.

ಕೆಳಮಿತಿಯ ಪಾಠವನ್ನು ಮೊದಲು ಪ್ರಾಣ ತೆತ್ತು ಕಲಿಸಿದವನು ಜರ್ಮನಿಯ ಆಟೊ ಲಿಲಿಯೆಂಥಾಲ್. 1896ರ ಆಗಸ್ಟ್ 9ರಂದು ಅವನ ಗ್ಲೈಡರ್ ಗಾಳಿಯಲ್ಲಿ ನಿಂತಂತಾಗಿ ಕುಸಿಯಿತು; ಮರುದಿನ ಅವನು ತೀರಿಕೊಂಡ. ಕುಸಿತದ ತಿರುಳು ತಿಳಿದದ್ದು 1904ರಲ್ಲಿ ಲುಡ್ವಿಗ್ ಪ್ರಾಂಡ್ಲ್ ಸೀಮಾಸ್ತರದ ಸಿದ್ಧಾಂತವನ್ನು ಮಂಡಿಸಿದ ಮೇಲೆ. ರೆಕ್ಕೆಯನ್ನು ಗಾಳಿಗೆ ಸುಮಾರು 15 ಡಿಗ್ರಿ ಮೀರಿ ಓರೆ ಮಾಡಿದರೆ ಅದಕ್ಕೆ ಅಂಟಿಕೊಂಡ ಹರಿವು ಬೇರ್ಪಡುತ್ತದೆ, ಎತ್ತುಬಲ ಕುಸಿಯುತ್ತದೆ. ಇದೇ ಸ್ಟಾಲ್. ಗಮನಿಸಿ, ಇದಕ್ಕೆ ಕಾರಣ ಕೋನ; ವೇಗವಲ್ಲ. 60 ಡಿಗ್ರಿ ವಾಲಿಸಿ ಎತ್ತರ ಕಳೆಯದೆ ತಿರುಗುವಾಗ ರೆಕ್ಕೆ ಇಮ್ಮಡಿ ಭಾರ ಹೊರಬೇಕು. ಆಗ 45 ನಾಟ್‌ನ ಸ್ಟಾಲ್ ವೇಗ 64ಕ್ಕೇರುತ್ತದೆ. ಸೂಚಕದ ಬಣ್ಣ ಮಾತ್ರ ಬದಲಾಗುವುದಿಲ್ಲ!

ಪ್ರಾಂಡ್ಲ್ ಬಳಿ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದ ವಿ. ಎಂ. ಘಾಟಗೆ ಮುಂದೆ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. ಸೀಮಾಸ್ತರದ ಪಾಠ ನಮಗೆ ಒಂದೇ ತಲೆಮಾರಿನ ದೂರದಿಂದ ಬಂತು ಎನ್ನುವುದು ನನಗೆ ಬಹಳ ಮೆಚ್ಚಿಗೆಯ ಸಂಗತಿ.

ಮೇಲ್ಮಿತಿಯದು ಬೇರೆ ಕಥೆ. 1916ರಲ್ಲಿ ಹ್ಯಾಂಡ್ಲಿ ಪೇಜ್ ಬಾಂಬರ್‌ನ ಬಾಲ ಹಾರಾಟದಲ್ಲಿ ಭೀಕರವಾಗಿ ನಡುಗತೊಡಗಿತು. ಎಡಬಲದ ಎಲಿವೇಟರುಗಳು ಬಿಡಿಬಿಡಿಯಾಗಿ ಬಡಿದುಕೊಳ್ಳುತ್ತಿವೆ ಎಂದು ಲಾಂಚೆಸ್ಟರ್ ಗುರುತಿಸಿದ. ಎರಡನ್ನೂ ಗಟ್ಟಿಯಾಗಿ ಜೋಡಿಸುವುದು ಪರಿಹಾರ. ಫ್ಲಟರ್ ಎಂಬ ಈ ಕಂಪನ ಗಾಳಿಯಿಂದಲೇ ಶಕ್ತಿ ಹೀರಿ ಬೆಳೆಯುತ್ತದೆ. ಸೂಚಕದ ಕೆಂಪು ಗೆರೆ ಇದರಿಂದ ವಿಮಾನವನ್ನು ಸಾಕಷ್ಟು ದೂರ ಇಡುತ್ತದೆ. ಹಸಿರಿನ ಕೊನೆಯಿಂದ ಕೆಂಪಿನವರೆಗಿನ ಹಳದಿ ಪಟ್ಟಿ ಶಾಂತ ಗಾಳಿಗೆ ಮಾತ್ರ.

ಇನ್ನೊಂದು ಮಿತಿಗೆ ಬಣ್ಣವೇ ಇಲ್ಲ: ಮ್ಯಾನೂವರಿಂಗ್ ವೇಗ. ಅತಿ ಹಗುರ ವಿಮಾನದ ರಚನೆ ತನ್ನ ತೂಕದ 3.8 ಪಟ್ಟು ಭಾರ ತಾಳಬೇಕೆಂದು ನಿಯಮ. 3.8ರ ವರ್ಗಮೂಲ 1.95. ಸ್ಟಾಲ್ ವೇಗದ 1.95 ಪಟ್ಟಿಗಿಂತ ಕೆಳಗೆ ಹಾರುವಾಗ ದಂಡವನ್ನು ಥಟ್ಟನೆ ಎಳೆದರೆ ರೆಕ್ಕೆ ಮುರಿಯುವ ಮೊದಲೇ ಸ್ಟಾಲ್ ಆಗುತ್ತದೆ, ಫ್ಯೂಸ್ ಹೋದಂತೆ. ತೂಕ ಕಡಿಮೆಯಾದರೆ ಈ ವೇಗವೂ ಇಳಿಯುತ್ತದೆ. ಹೀಗಾಗಿ ಅದನ್ನು ಸೂಚಕದ ಮೇಲೆ ಬರೆಯುವಂತಿಲ್ಲ. ಆದರೆ ಈ ಮಿತಿಯೊಳಗೆ ಏನು ಮಾಡಿದರೂ ಕ್ಷೇಮ ಎಂಬ ನಂಬಿಕೆ ತಪ್ಪು. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಏರ್‌ಬಸ್ ಎ300 ವಿಮಾನದ ಸಹಚಾಲಕ ಈ ವೇಗಕ್ಕಿಂತ ಕೆಳಗಿದ್ದಾಗಲೇ ರಡ್ಡರನ್ನು ಎಡಕ್ಕೂ ಬಲಕ್ಕೂ ಪದೇ ಪದೇ ತುಳಿದ. ಬಾಲದ ನೆಟ್ಟ ರೆಕ್ಕೆ ಕಿತ್ತುಹೋಗಿ 265 ಜನ ಸತ್ತರು. ಫ್ಯೂಸ್ ಕಾಯುವುದು ಒಂದೇ ಸಲದ, ಒಂದೇ ದಿಕ್ಕಿನ ಎಳೆತವನ್ನು.

1993ರಲ್ಲಿ ಮೊದಲು ಹಾರಿದ ಹಂಸಕ್ಕೆ 2000ದಲ್ಲಿ ಅತಿ ಹಗುರ ವಿಮಾನದ ಯುರೋಪಿಯನ್ ನಿಯಮಗಳಡಿ ಪ್ರಮಾಣಪತ್ರ ದೊರೆಯಿತು: ತೂಕ 750 ಕಿ.ಗ್ರಾಂ. ಮೀರಬಾರದು, ಇಳಿಯುವ ಸ್ಥಿತಿಯ ಸ್ಟಾಲ್ ವೇಗ 45 ನಾಟ್ ಮೀರಬಾರದು. ಅದರ ಹೊಸ ಪೀಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. 2022ರ ಫೆಬ್ರವರಿಯಲ್ಲಿ ಅದನ್ನು ಪುದುಚೇರಿಗೆ ಒಯ್ದರು. ಎಂಜಿನ್ನಿನ ಬಲ, ಏರುವ ದರ, ಧನ ಮತ್ತು ಋಣ ಭಾರಗಳಲ್ಲಿ ರಚನೆಯ ವರ್ತನೆ, ಇವೆಲ್ಲವನ್ನೂ ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಮತ್ತೆ ಅಳೆದು ನೋಡಿದರು.