ಬೆಳ್ಗೊಳದಿಂದ ಶ್ರವಣಬೆಳಗೊಳ: ಕ್ಷೇತ್ರನಾಮದ ಬರಹ ಬದಲಾದ ಬಗೆ

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಹೆಸರನ್ನು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಶ್ರವಣ ಬೆಲ್ಗೊಲ’ ಎಂದು ಓದಬೇಕಾದಂತೆ ಎರಡು ಪದಗಳಾಗಿ ಮುದ್ರಿಸಲಾಗಿದೆ. ಇದು ಬ್ರಿಟಿಷರ ಬಾಯಲ್ಲಿ ಕೆಟ್ಟ ಹೆಸರು ಎಂದು ಹಲವರು ತಿಳಿದಿದ್ದಾರೆ. ಶಾಸನಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಇಲ್ಲಿನ ಅತ್ಯಂತ ಹಳೆಯ ಶಾಸನ ಚಿಕ್ಕಬೆಟ್ಟದ ಮೇಲಿದ್ದು, ಸುಮಾರು ಕ್ರಿ.ಶ. 600ರದ್ದು. ಅದರಲ್ಲಿ ಬರುವುದು ಬೆಟ್ಟದ ಹೆಸರಾದ ಕಟವಪ್ರ. ಕನ್ನಡದಲ್ಲಿ ಇದೇ ಕಳ್ಬಪ್ಪು. ಊರಿನ ಹೆಸರು ಶಾಸನಗಳಲ್ಲಿ ಬೆಳ್ಗೊಳ ಎಂದೂ ಬೆಳುಗುಳ ಎಂದೂ ಕಾಣುತ್ತದೆ. ಬೆಳ್ ಎಂದರೆ ಬಿಳಿ, ಕೊಳ ಎಂದರೆ ಕೆರೆ. ಸಂಧಿಯಲ್ಲಿ ಕಕಾರ ಗಕಾರವಾಗಿ ಬೆಳ್ಗೊಳವಾಯಿತು. ಸಂಸ್ಕೃತ ಶಾಸನಗಳಲ್ಲಿ ಇದೇ ಧವಳ ಸರೋವರ. ಎರಡು ಬೆಟ್ಟಗಳ ನಡುವೆ ಇಂದಿಗೂ ಇರುವ ಕಲ್ಯಾಣಿಯನ್ನು ನೋಡಿದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗುಳ್ಳಕಾಯಜ್ಜಿಯ ಗುಳ್ಳಕಾಯಿಗೆ ಹೆಸರನ್ನು ಹೊಂದಿಸುವ ಮಾತೂ ಭಕ್ತರಲ್ಲಿದೆ. ಆದರೆ ಧವಳ ಸರೋವರ ಎಂಬ ಸಂಸ್ಕೃತ ರೂಪ ಬಿಳಿಗೊಳದ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಹೊಸಗನ್ನಡದಲ್ಲಿ ಬೆಳ್ದಿಂಗಳ್ ಬೆಳದಿಂಗಳಾದಂತೆ ಬೆಳ್ಗೊಳ ಬೆಳಗೊಳವಾಯಿತು. ಬದಲಾದದ್ದು ನಾಲಿಗೆ, ಅರ್ಥವಲ್ಲ.

ಹೆಸರಿನ ಮೊದಲ ಭಾಗಕ್ಕೂ ಕಾರಣವಿದೆ. ಸಮೀಪದಲ್ಲೇ ಹಳೇಬೆಳಗೊಳ, ಕೋಡಿಬೆಳಗೊಳ ಎಂಬ ಊರುಗಳಿವೆ. ಶ್ರೀರಂಗಪಟ್ಟಣದ ಕಡೆಯೂ ಒಂದು ಬೆಳಗೊಳವಿದೆ. ಮುನಿಗಳು ತಪಸ್ಸು ಮಾಡಿದ, ಸಲ್ಲೇಖನ ಕೈಗೊಂಡ ಬೆಳಗೊಳ ಇದು ಎಂದು ಗುರುತಿಸಲು ‘ಶ್ರವಣ’ ಸೇರಿತು. ಶ್ರವಣ ಎಂದರೆ ಶ್ರಮಣ, ಜೈನ ಮುನಿ. ಹಳಗನ್ನಡದ ‘ಸವಣ’ವೂ ಇದೇ. ‘ಕೇಳುವುದು’ ಎಂಬ ಅರ್ಥಕ್ಕಾಗಲಿ ಶ್ರಾವಣ ಮಾಸಕ್ಕಾಗಲಿ ಇಲ್ಲಿ ಸಂಬಂಧವಿಲ್ಲ. ಆಮಂತ್ರಣ ಪತ್ರಿಕೆಗಳಲ್ಲಿ, ಬಸ್ಸಿನ ಫಲಕಗಳಲ್ಲಿ ‘ಶ್ರಾವಣಬೆಳಗೊಳ’ ಎಂದು ಬರೆದರೆ ಒಂದು ದೀರ್ಘದಿಂದ ಮುನಿಗಳೇ ಹೆಸರಿನಿಂದ ಹೊರಬೀಳುತ್ತಾರೆ.

ಬಿ.ಎಲ್. ರೈಸ್ ಅವರು 1889ರಲ್ಲಿ ಇಲ್ಲಿನ 144 ಶಾಸನಗಳನ್ನು ಪ್ರಕಟಿಸಿದಾಗ ಪುಸ್ತಕದ ಹೆಸರಿನಲ್ಲಿ ಬಳಸಿದ್ದು ಬೆಳ್ಗೊಳ ಎಂಬ ರೂಪವನ್ನೇ. 1923ರಲ್ಲಿ ಆರ್. ನರಸಿಂಹಾಚಾರ್ ಅವರು 500 ಶಾಸನಗಳ ಪರಿಷ್ಕೃತ ಆವೃತ್ತಿ ತಂದಾಗಲೂ ಅದನ್ನೇ ಉಳಿಸಿಕೊಂಡರು. ಬೆಂಗಳೂರು ‘ಬ್ಯಾಂಗಲೋರ್’ ಆದಂತಹ ಅಪಭ್ರಂಶ ಇದಲ್ಲ; ಶಾಸನದ ರೂಪವನ್ನೇ ರೋಮನ್ ಅಕ್ಷರಕ್ಕೆ ಇಳಿಸಿದ್ದು. ಶಕಾರಕ್ಕೆ ಬರೀ ‘ಎಸ್’, ಳಕಾರಕ್ಕೆ ‘ಎಲ್’ ಉಳಿದದ್ದರಿಂದ ಅದು ಪರಕೀಯವಾಗಿ ಕಾಣುತ್ತದೆ, ಅಷ್ಟೆ.

ಈಗಿನ ಸರ್ಕಾರಿ ಬಳಕೆಯಲ್ಲಿ ವಿಧಾನಸಭಾ ಕ್ಷೇತ್ರಕ್ಕೂ ರೈಲು ನಿಲ್ದಾಣಕ್ಕೂ ಇರುವುದು ಶ್ರವಣಬೆಳಗೊಳ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ‘ಎಸ್’ ನಂತರ ‘ಎಚ್’ ಸೇರಿದೆ, ನಡುವೆ ‘ಎ’ ಬಂದಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಆ ಪಟ್ಟಿಯಲ್ಲಿ ಈ ಊರು ಇರಲಿಲ್ಲ. ಇಲ್ಲಿನ ಬದಲಾವಣೆ ಬಳಕೆಯಲ್ಲೇ ನೆಲೆಯಾದದ್ದು.

ಹಿರಿಯರ ದಾನಶಾಸನ, ಬಸದಿಯ ಇತಿಹಾಸ ಹುಡುಕುವ ಕುಟುಂಬಗಳು ಗ್ರಂಥಾಲಯದ ಸೂಚಿಯಲ್ಲಿ ಎರಡೂ ರೂಪಗಳನ್ನು ನೋಡಬೇಕು. ‘ಎಚ್’ ಇಲ್ಲದ ಹಳೆಯ ರೂಪವನ್ನು ಬಿಟ್ಟರೆ ರೈಸ್ ಮತ್ತು ನರಸಿಂಹಾಚಾರ್ ಅವರ ಸಂಪುಟಗಳೇ ಕೈತಪ್ಪಿಹೋಗಬಹುದು.